ಕೋಡ್ ಬರೆಯದೆ ಎಐ ವರ್ಕ್‌ಫ್ಲೋ ಕಟ್ಟುವ ಬಗೆ: ದಾವಣಗೆರೆಯ ಮೆಕ್ಕೆಜೋಳದ ಮಂಡಿಯಿಂದ ಒಂದು ಸಮಗ್ರ ಮಾರ್ಗದರ್ಶಿ

“ಸಾವ್ಕಾರ್ರೆ, ನಾಳೆ ಐವತ್ತರವತ್ತು ಚೀಲ ಮೆಕ್ಕೆಜೋಳ ತರ್ತೀವಿ, ಚೆನ್ನಾಗಿ ಒಣಗೈತೆ.”

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ನಮ್ಮ ಚಿಕ್ಕಪ್ಪನವರ ದಲ್ಲಾಳಿ ಮಂಡಿ ಇದೆ. ಮೆಕ್ಕೆಜೋಳದ ಸುಗ್ಗಿ ಶುರುವಾದರೆ ಸಂಜೆಯಿಡೀ ಅವರ ಫೋನಿಗೆ ಇಂಥ ಸಂದೇಶಗಳು ಬರುತ್ತಲೇ ಇರುತ್ತವೆ. ಗುಮಾಸ್ತರು ಅವನ್ನು ಒಂದೊಂದಾಗಿ ಓದಿ, ಯಾರು, ಯಾವ ಊರು, ಎಷ್ಟು ಚೀಲ, ಯಾವ ದಿನ ಎಂಬುದನ್ನು ಪುಸ್ತಕಕ್ಕೆ ಇಳಿಸಿ, ಮರುದಿನ ಎಷ್ಟು ಜನ ಹಮಾಲರು ಬೇಕೆಂದು ಮೇಸ್ತ್ರಿಗೆ ಹೇಳಬೇಕು. ಒಂದು ಸಂದೇಶ ಕಣ್ತಪ್ಪಿದರೂ ಬೆಳಗ್ಗೆ ಆ ರೈತರು ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಬಿಸಿಲಿನಲ್ಲಿ ಕಾಯುತ್ತಾರೆ. ಈ ಕೆಲಸದ ಒಂದು ಭಾಗವನ್ನು ಕೃತಕ ಬುದ್ಧಿಮತ್ತೆಗೆ (ಎಐ) ಒಪ್ಪಿಸುವ ವರ್ಕ್‌ಫ್ಲೋ ಒಂದನ್ನು, ಅಂದರೆ ಹೆಜ್ಜೆಗಳು ಒಂದರ ಹಿಂದೊಂದು ತಾವಾಗಿಯೇ ನಡೆಯುವ ವ್ಯವಸ್ಥೆಯನ್ನು, ಒಂದು ಸಾಲು ಕೋಡ್ ಕೂಡ ಬರೆಯದೆ, ಪರದೆಯ ಮೇಲೆ ಚೌಕಗಳನ್ನು ಎಳೆದು ಜೋಡಿಸಿಯೇ ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ. ನಿಮ್ಮದು ಚಳ್ಳಕೆರೆಯ ಎಣ್ಣೆ ಗಾಣವಾಗಿರಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಗಡಿಯಾಗಿರಲಿ, ಸಂದೇಶ ಓದಿ ಲೆಕ್ಕಕ್ಕೆ ಇಳಿಸುವ ಕೆಲಸವಿದ್ದಲ್ಲೆಲ್ಲ ಇದೇ ಕ್ರಮ ಹೊಂದುತ್ತದೆ.

ಮೊದಲು ಕಾಗದ, ಆಮೇಲೆ ಪರದೆ

ಕಂಪ್ಯೂಟರ್ ತೆರೆಯುವ ಮೊದಲು ಒಂದು ಬಿಳಿ ಹಾಳೆಯ ಮೇಲೆ ಈಗ ನಡೆಯುತ್ತಿರುವ ಕೆಲಸವನ್ನು ನಡೆಯುವ ಕ್ರಮದಲ್ಲಿಯೇ ಬರೆಯಿರಿ. ನಮ್ಮದು ಹೀಗಿತ್ತು: ಸಂದೇಶ ಬರುತ್ತದೆ, ಗುಮಾಸ್ತರು ಓದುತ್ತಾರೆ, ಅನುಮಾನವಿದ್ದರೆ ತಿರುಗಿ ಫೋನ್ ಮಾಡಿ ಕೇಳುತ್ತಾರೆ, ಪುಸ್ತಕಕ್ಕೆ ಬರೆಯುತ್ತಾರೆ, ರಾತ್ರಿ ಒಟ್ಟು ಚೀಲಗಳನ್ನು ಕೂಡಿ ಮೇಸ್ತ್ರಿಗೆ ಹೇಳುತ್ತಾರೆ. ಈಗ ಪ್ರತಿಯೊಂದು ಹೆಜ್ಜೆಯ ಪಕ್ಕದಲ್ಲಿ, ಇಲ್ಲಿ ಭಾಷೆಯನ್ನು ಅರ್ಥ ಮಾಡಿಕೊಳ್ಳುವ ಅಗತ್ಯವಿದೆಯೇ ಎಂದು ಗುರುತು ಹಾಕಿ. ಹಾಗೆ ಮಾಡಿದಾಗ ಐದು ಹೆಜ್ಜೆಗಳಲ್ಲಿ ಓದುವ ಹೆಜ್ಜೆ ಒಂದಕ್ಕೆ ಮಾತ್ರ ಗುರುತು ಬಿತ್ತು. ಕೂಡುವುದು, ಹೋಲಿಸುವುದು, ಬರೆದಿಡುವುದು, ಹೊತ್ತಿಗೆ ಸರಿಯಾಗಿ ಕಳಿಸುವುದು ಇವೆಲ್ಲ ಸಾಮಾನ್ಯ ಯಂತ್ರದ ಕೆಲಸಗಳು. ಅವನ್ನು ಭಾಷಾ ಮಾದರಿಗೆ, ಅಂದರೆ ಬರೆದದ್ದನ್ನು ಓದಿ ಉತ್ತರ ಬರೆಯುವ ಎಐಗೆ, ಕೊಟ್ಟರೆ ಖರ್ಚೂ ಹೆಚ್ಚು, ತಪ್ಪೂ ಹೆಚ್ಚು. ಎಐ ಓದಲಿ, ತೀರ್ಮಾನ ಮಾತ್ರ ಬೇರೆಡೆ ಆಗಲಿ ಎಂಬುದು ಈ ಇಡೀ ವಿನ್ಯಾಸದ ಆಧಾರ, ಮುಂದಿನ ಪ್ರತಿ ಹಂತವನ್ನೂ ಅದಕ್ಕೆ ತಕ್ಕಂತೆ ಕಟ್ಟಿದ್ದೇವೆ.

ಯಾವ ಸಾಧನ

ಚೌಕಗಳನ್ನು ಜೋಡಿಸಿ ಕೆಲಸ ಮಾಡಿಸುವ ಸಾಧನಗಳು ಹಲವಿವೆ. ಜೇಪಿಯರ್ ಮತ್ತು ಮೇಕ್ ಕಲಿಯಲು ಸುಲಭ, ಆದರೆ ಅವರ ಸರ್ವರಿನಲ್ಲಿಯೇ ನಡೆಯುತ್ತವೆ. ಡಿಫೈ, ಲ್ಯಾಂಗ್‌ಫ್ಲೋ, ಫ್ಲೋವೈಸ್ ಇವು ಭಾಷಾ ಮಾದರಿಗಳ ಸುತ್ತಲೇ ಹೆಣೆದವು. ದಾಖಲೆಗಳನ್ನು ಓದಿ ಉತ್ತರಿಸುವ ಚಾಟ್‌ಬಾಟ್ ಬೇಕಿದ್ದರೆ ಅವು ಒಳ್ಳೆಯ ಆಯ್ಕೆ. ನಾನು ಆರಿಸಿಕೊಂಡದ್ದು ಎನ್8ಎನ್ (n8n). 2019ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ಈ ಸಾಧನವನ್ನು ಹಣ ಕೊಟ್ಟು ಅವರ ಕ್ಲೌಡಿನಲ್ಲಿಯೂ ಬಳಸಬಹುದು, ಅದರ ಕಮ್ಯುನಿಟಿ ಆವೃತ್ತಿಯನ್ನು ಉಚಿತವಾಗಿ ನಮ್ಮದೇ ಯಂತ್ರದಲ್ಲಿ ಡಾಕರ್ (ತಂತ್ರಾಂಶವನ್ನು ಸಿದ್ಧ ಪೆಟ್ಟಿಗೆಯಂತೆ ನಡೆಸುವ ಸಾಧನ) ಮೂಲಕವೂ ನಡೆಸಬಹುದು. ಇಲ್ಲಿ ಪ್ರತಿ ಚೌಕವನ್ನು ನೋಡ್ ಎನ್ನುತ್ತಾರೆ. ಎನ್8ಎನ್‌ನ ಸಿದ್ಧ ನೋಡ್‌ಗಳಲ್ಲಿ ಗೂಗಲ್ ಶೀಟ್ಸ್, ಟೆಲಿಗ್ರಾಂ, ವಾಟ್ಸಾಪ್ ಮತ್ತು ಪ್ರಮುಖ ಭಾಷಾ ಮಾದರಿಗಳೆಲ್ಲ ಇವೆ. ಇಲ್ಲಿ ಹೇಳುವ ಹೆಸರುಗಳು ಎನ್8ಎನ್‌ನವು. ಬೇರೆ ಸಾಧನಗಳಲ್ಲಿ ಹೆಸರು ಬೇರೆಯಾದರೂ ಚೌಕಗಳ ಕೆಲಸ ಇದೇ.

ಸಂದೇಶಕ್ಕೆ ಮೊದಲು ಟೆಲಿಗ್ರಾಂ ಬಳಸಿ ಎಂದು ಸಲಹೆ ಕೊಡುತ್ತೇನೆ. ರೈತರೆಲ್ಲ ಇರುವುದು ವಾಟ್ಸಾಪ್‌ನಲ್ಲಿ ಎಂಬುದು ನಿಜ, ಆದರೆ ಅಲ್ಲಿ ಮೆಟಾ ಸಂಸ್ಥೆಯ ವ್ಯಾಪಾರಿ ಖಾತೆ, ನಂಬರಿನ ನೋಂದಣಿ ಮುಂತಾದ ಹಂತಗಳಿವೆ. ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಎಂಬ ಖಾತೆಗೆ ಸಂದೇಶ ಕಳಿಸಿದರೆ ಕೆಲವೇ ನಿಮಿಷಗಳಲ್ಲಿ ನಿಮ್ಮ ಬಾಟ್, ಅಂದರೆ ಸಂದೇಶಗಳನ್ನು ತಾನಾಗಿಯೇ ಪಡೆದು ಉತ್ತರಿಸುವ ಖಾತೆ, ಹುಟ್ಟುತ್ತದೆ, ಅದರ ಟೋಕನ್ ಎಂಬ ಗುಪ್ತ ಸಂಕೇತ ಕೈಗೆ ಬರುತ್ತದೆ. ಆ ಟೋಕನ್ ಮಂಡಿಯ ತಿಜೋರಿಯ ಕೀಲಿಯಿದ್ದಂತೆ. ಅದನ್ನು ಎನ್8ಎನ್‌ನ ಕ್ರೆಡೆನ್ಶಿಯಲ್ಸ್ ವಿಭಾಗದಲ್ಲಿ ಮಾತ್ರ ಇಡಿ. ಟಿಪ್ಪಣಿಯಲ್ಲಿಯೂ ಸ್ಕ್ರೀನ್‌ಶಾಟ್‌ನಲ್ಲಿಯೂ ಅದು ಕಾಣಬಾರದು. ಅಕಸ್ಮಾತ್ ಹೊರಬಿದ್ದರೆ ಬಾಟ್‌ಫಾದರ್‌ನಲ್ಲಿಯೇ ಹಳೆಯ ಟೋಕನ್ ರದ್ದುಪಡಿಸಿ ಹೊಸದನ್ನು ಪಡೆಯಬಹುದು. ಒಂದಲ್ಲ, ಎರಡು ಬಾಟ್ ಮಾಡಿಕೊಳ್ಳಿ, ಒಂದು ಪರೀಕ್ಷೆಗೆ, ಇನ್ನೊಂದು ನಿಜವಾದ ಬಳಕೆಗೆ. ಟೆಲಿಗ್ರಾಂ ಒಂದು ಬಾಟ್‌ನ ಸಂದೇಶಗಳನ್ನು ಒಂದೇ ವೆಬ್‌ಹುಕ್ ವಿಳಾಸಕ್ಕೆ, ಅಂದರೆ ಸಂದೇಶ ಬಂದು ತಲುಪುವ ವೆಬ್ ವಿಳಾಸಕ್ಕೆ, ಕಳಿಸುತ್ತದೆ. ಹೀಗಾಗಿ ಬಳಕೆಯಲ್ಲಿರುವ ಬಾಟ್‌ನಲ್ಲಿಯೇ ಪರೀಕ್ಷೆ ಮಾಡಿದರೆ ರೈತರ ಸಂದೇಶಗಳು ಪರೀಕ್ಷೆಯ ವಿಳಾಸಕ್ಕೆ ಹೋಗಿ, ನಡೆಯುತ್ತಿದ್ದ ವರ್ಕ್‌ಫ್ಲೋ ಸದ್ದಿಲ್ಲದೆ ನಿಂತುಬಿಡುತ್ತದೆ.

ಮೊದಲ ನೋಡ್ ಮತ್ತು ಗಡಿಯಾರ

ಹೊಸ ವರ್ಕ್‌ಫ್ಲೋ ತೆರೆದರೆ ಖಾಲಿ ಕ್ಯಾನ್ವಾಸ್ ಕಾಣುತ್ತದೆ. ಅದರ ಮೇಲೆ ಟೆಲಿಗ್ರಾಂ ಟ್ರಿಗರ್ ನೋಡ್ (ಸಂದೇಶ ಬಂದೊಡನೆ ಕೆಲಸ ಶುರು ಮಾಡಿಸುವ ಚೌಕ) ಇಟ್ಟು, ಪರೀಕ್ಷೆಯ ಬಾಟ್‌ನ ಕ್ರೆಡೆನ್ಶಿಯಲ್ ಆರಿಸಿ, ಪರೀಕ್ಷಾ ಗುಂಡಿ ಒತ್ತಿ, ನಿಮ್ಮ ಫೋನಿನಿಂದ ಬಾಟ್‌ಗೆ ಒಂದು ಸಂದೇಶ ಕಳಿಸಿ. ಬಲಗಡೆಯ ಫಲಕದಲ್ಲಿ ಸಂದೇಶದ ಪಠ್ಯ, ಚಾಟ್‌ನ ಗುರುತಿನ ಸಂಖ್ಯೆ, ಕಳಿಸಿದ ಹೊತ್ತು ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಕೂಡಲೇ ಅದನ್ನು ಪಿನ್ ಮಾಡಿ. ಪಿನ್ ಮಾಡಿದ ಮೇಲೆ ಮುಂದಿನ ಚೌಕಗಳನ್ನು ಕಟ್ಟುವಾಗಲೆಲ್ಲ ಅದೇ ಮಾದರಿ ಸಂದೇಶ ಹರಿಯುತ್ತದೆ, ಪ್ರತಿ ಸಲ ಫೋನ್ ಹಿಡಿಯಬೇಕಾಗಿಲ್ಲ.

ಒಂದು ತೊಡಕನ್ನು ಇಲ್ಲಿಯೇ ಹೇಳಬೇಕು. ಟೆಲಿಗ್ರಾಂ ಸರ್ವರ್ ನಿಮ್ಮ ಎನ್8ಎನ್ ಅನ್ನು ಸುರಕ್ಷಿತ ವೆಬ್ ವಿಳಾಸವೊಂದರ ಮೂಲಕ ತಲುಪಬೇಕು. ಮಂಡಿಯ ಮೇಜಿನ ಮೇಲಿನ ಕಂಪ್ಯೂಟರ್‌ಗೆ ಅಂಥ ವಿಳಾಸ ಇರುವುದಿಲ್ಲ. ಕಲಿಯುವ ಹಂತದಲ್ಲಿ ಟೆಲಿಗ್ರಾಂ ಬದಲು ಚಾಟ್ ಟ್ರಿಗರ್ ಇಟ್ಟುಕೊಂಡರೆ ಪರದೆಯಲ್ಲಿಯೇ ಸಂದೇಶ ಟೈಪಿಸಿ ಪರೀಕ್ಷಿಸಬಹುದು. ಬಳಕೆಗೆ ತರುವಾಗ ಕ್ಲೌಡ್ ಆವೃತ್ತಿಯನ್ನೋ ಬಾಡಿಗೆಯ ಸಣ್ಣ ಸರ್ವರನ್ನೋ ನೋಡಿಕೊಳ್ಳಿ.

ಮುಂದೆ ಹೋಗುವ ಮೊದಲು ವರ್ಕ್‌ಫ್ಲೋ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್‌ಜೋನ್ ಅನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸಿ. ನಮ್ಮದೇ ಯಂತ್ರದಲ್ಲಿ ನಡೆಸುವ ಎನ್8ಎನ್, ನಾವು ಬೇರೆ ಹೇಳದಿದ್ದರೆ, ನ್ಯೂಯಾರ್ಕಿನ ಸಮಯವನ್ನು ಹಿಡಿದುಕೊಳ್ಳುತ್ತದೆ. ಈ ಸೆಟ್ಟಿಂಗ್ ನೋಡದೆ ನಾನು ಮುಂದುವರಿದದ್ದರ ಫಲ ಮೊದಲ ವಾರವೇ ತಿಳಿಯಿತು. ನವೆಂಬರ್ ಕೊನೆಯಲ್ಲಿ ದಾವಣಗೆರೆಯಲ್ಲಿ ಬೆಳಗಿನ 6 ಗಂಟೆಯಾದರೆ ಅಲ್ಲಿ ಹಿಂದಿನ ದಿನದ ಸಂಜೆ 7.30. ಹೊಲಕ್ಕೆ ಹೋಗುವ ಮುನ್ನ ರೈತರೊಬ್ಬರು “ನಾಳೆ ತರ್ತೀವಿ” ಎಂದು ಕಳಿಸಿದ್ದು ಪಟ್ಟಿಯಲ್ಲಿ ಅದೇ ದಿನದ ತಾರೀಖಿಗೆ ಕೂತಿತ್ತು. ಮೇಸ್ತ್ರಿ ಆ ದಿನ ಅವರ ದಾರಿ ನೋಡಿದರು. ಮರುದಿನ ಮಾಲು ಬಂದಾಗ ಹಮಾಲರು ಬೇರೆ ಕಡೆ ಇದ್ದರು.

ಓದುವ ನೋಡ್

ಹೊಸಬರು ಇಲ್ಲಿ ಸಾಮಾನ್ಯವಾಗಿ ಎಐ ಏಜೆಂಟ್ ನೋಡ್ ಕಡೆಗೆ ಕೈ ಚಾಚುತ್ತಾರೆ. ಏಜೆಂಟ್ ಎಂದರೆ ಯಾವ ಸಾಧನವನ್ನು ಯಾವಾಗ ಬಳಸಬೇಕೆಂದು ಮಾದರಿಯೇ ನಿರ್ಧರಿಸುವ ವ್ಯವಸ್ಥೆ. ನಮ್ಮ ಹೆಜ್ಜೆಗಳು ಮೊದಲೇ ಗೊತ್ತಿರುವುದರಿಂದ ಆ ಸ್ವಾತಂತ್ರ್ಯ ಬೇಕಿಲ್ಲ. ಅದರ ಬದಲು ಇನ್ಫರ್ಮೇಶನ್ ಎಕ್ಸ್‌ಟ್ರಾಕ್ಟರ್ ಎಂಬ ನೋಡ್ ಇಡಿ. ಪಠ್ಯವನ್ನು ಕೊಟ್ಟರೆ ನಾವು ಹೇಳಿದ ಅಂಶಗಳನ್ನು ಮಾತ್ರ ಹೆಕ್ಕಿ ಕೊಡುವುದು ಅದರ ಕೆಲಸ. ಅದರ ಕೆಳಗಿನ ಕೊಂಡಿಗೆ ನಿಮ್ಮ ಆಯ್ಕೆಯ ಭಾಷಾ ಮಾದರಿಯನ್ನು ಜೋಡಿಸಿ, ಅದರ ಟೆಂಪರೇಚರ್ ಅನ್ನು, ಅಂದರೆ ಉತ್ತರ ಸಲದಿಂದ ಸಲಕ್ಕೆ ಎಷ್ಟು ಬದಲಾಗಬಹುದೆಂಬ ಅಳತೆಯನ್ನು, 0ಗೆ ಇಳಿಸಿ. ಇಲ್ಲಿ ಬೇಕಿರುವುದು ಪ್ರತಿ ಸಲವೂ ಒಂದೇ ರೀತಿಯ ಓದು. ಎಡಗಡೆಯ ಫಲಕದಿಂದ ಸಂದೇಶದ ಪಠ್ಯವನ್ನು ಎಳೆದು ಟೆಕ್ಸ್ಟ್ ಪೆಟ್ಟಿಗೆಯೊಳಗೆ ಬಿಟ್ಟರೆ ಬೇಕಾದ ಸೂತ್ರ ತಾನಾಗಿಯೇ ಮೂಡುತ್ತದೆ.

ಆಮೇಲೆ ಅಂಶಗಳನ್ನು ಸೇರಿಸಿ: ಹೆಸರು, ಊರು, ಮಾಲು ಇವು ಅಕ್ಷರ ರೂಪದವು, ಕನಿಷ್ಠ ಚೀಲ, ಗರಿಷ್ಠ ಚೀಲ, ಎಷ್ಟು ದಿನದ ನಂತರ ಇವು ಸಂಖ್ಯೆಗಳು. ಪ್ರತಿ ಅಂಶದ ಪಕ್ಕದಲ್ಲಿ ಕಡ್ಡಾಯ ಎಂಬ ಗುಂಡಿ ಇರುತ್ತದೆ, ಅದನ್ನು ಒತ್ತಬೇಡಿ. ಎಲ್ಲವೂ ಕಡ್ಡಾಯವಾದರೆ ವಿವರ ಪೂರ್ತಿ ಬರುತ್ತದೆ ಎಂದು ತೋರುತ್ತದೆ, ಆದರೆ ಆಗುವುದು ಬೇರೆ. ಊರಿನ ಹೆಸರಿಲ್ಲದ ಸಂದೇಶಕ್ಕೂ ಊರನ್ನು ಕೊಡಲೇಬೇಕೆಂದು ಒತ್ತಾಯಿಸಿದರೆ ಮಾದರಿ ಒಂದು ಊರನ್ನು ಕಲ್ಪಿಸಿ ಬರೆಯುತ್ತದೆ. ಖಾಲಿ ಬಿಡುವ ಅವಕಾಶ ಇದ್ದಾಗಲಷ್ಟೇ ಅದು ಬರೆದದ್ದನ್ನು ನಂಬಬಹುದು.

ಸಿಸ್ಟಂ ಪ್ರಾಂಪ್ಟ್‌ನಲ್ಲಿ, ಅಂದರೆ ಮಾದರಿಗೆ ಪ್ರತಿ ಸಲವೂ ಕೊಡುವ ಸೂಚನೆಯಲ್ಲಿ, ನಾವು ಬರೆದದ್ದನ್ನು ಹಾಗೆಯೇ ಕೊಡುತ್ತೇನೆ:

“ಇದು ರೈತರು ಮಂಡಿಗೆ ಕಳಿಸಿದ ಸಂದೇಶ. ಇದರಲ್ಲಿ ಇರುವುದನ್ನು ಮಾತ್ರ ತೆಗೆ. ಇಲ್ಲದ್ದನ್ನು ಊಹಿಸಬೇಡ, ಖಾಲಿ ಬಿಡು. ಐವತ್ತರವತ್ತು, ಹದಿನೈದಿಪ್ಪತ್ತು ಎಂಬಂಥ ಜೋಡಿ ಸಂಖ್ಯೆಗಳು ಅಂದಾಜು: ಮೊದಲನೆಯದು ಕನಿಷ್ಠ, ಎರಡನೆಯದು ಗರಿಷ್ಠ. ಒಂದೇ ಸಂಖ್ಯೆ ಇದ್ದರೆ ಎರಡೂ ಕಡೆ ಅದನ್ನೇ ಬರೆ. ಒಂದು ಲೋಡು ಎಂದಷ್ಟೇ ಇದ್ದರೆ ಚೀಲದ ಸಂಖ್ಯೆ ಖಾಲಿ ಬಿಡು. ಇವತ್ತು ಎಂದರೆ 0, ನಾಳೆ 1, ನಾಡಿದ್ದು ಅಥವಾ ನಾಳಿದ್ದು 2. ಬೇರೆ ದಿನ ಹೇಳಿದ್ದರೆ ಖಾಲಿ ಬಿಡು.”

ಜೋಡಿ ಸಂಖ್ಯೆಯ ಸಾಲು ಈ ಸೂಚನೆಯಲ್ಲಿ ಮೊದಲು ಇರಲಿಲ್ಲ. ಐವತ್ತರವತ್ತು ಎಂದರೆ ಐವತ್ತರಿಂದ ಅರವತ್ತರವರೆಗೆ ಎಂಬುದು ನಮಗೆ ಹೇಳಿಕೊಡಬೇಕಾದ ಮಾತೇ ಅಲ್ಲ. ಆದರೆ ಮಾದರಿ ಒಮ್ಮೆ ಅದನ್ನು 5060 ಎಂದೂ, ಇನ್ನೊಮ್ಮೆ ಬರೇ 50 ಎಂದೂ ಬರೆಯಿತು. ನಮ್ಮ ಆಡುಮಾತಿನಲ್ಲಿ ಇಂಥವು ಎಷ್ಟೋ ಇವೆ: ಐದಾರು, ಹತ್ತಿಪ್ಪತ್ತು, ಒಂದೂವರೆ ಲೋಡು. ನಿಮ್ಮ ವ್ಯವಹಾರದಲ್ಲಿ ಬರುವ ಇಂಥ ಪದಗಳನ್ನು ಹಳೆಯ ಸಂದೇಶಗಳಿಂದ ಹೆಕ್ಕಿ ಸೂಚನೆಯಲ್ಲಿ ಉದಾಹರಣೆಯೊಂದಿಗೆ ಬರೆಯಿರಿ. ಈ ಒಂದು ಕೆಲಸಕ್ಕೆ ನಾನು ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಹೊತ್ತು ಕೊಟ್ಟೆ, ಅದು ಸಾರ್ಥಕವಾಯಿತು ಎಂದೇ ನಂಬಿದ್ದೇನೆ. ನಮ್ಮ ಜನ ಮಾತಾಡುವ ಕನ್ನಡವನ್ನು ಯಂತ್ರಕ್ಕೆ ತಿಳಿಸಿಕೊಡುವವರು ಬೇರೆ ಯಾರೂ ಬರುವುದಿಲ್ಲ. ಆ ಮಾತನ್ನು ದಿನವೂ ಕೇಳುವ ಗುಮಾಸ್ತರಿಗೇ ಅದು ಸಾಧ್ಯ. ಸೂಚನೆ ಬರೆಯುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಊರಿನ ಹೆಸರುಗಳಿಗೂ ಇದೇ ಕಾಳಜಿ ಬೇಕು. ಅನೇಕರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುತ್ತಾರೆ. ಆಗ ದೀರ್ಘ ಹ್ರಸ್ವಗಳು ಅಳಿಸಿಹೋಗಿ ಬಾಡ ಎಂಬ ಊರು ಬಡ ಎಂಬ ಪದವಾಗಿ ಕಾಣಬಹುದು. ನಿಮಗೆ ಮಾಲು ಬರುವ ಊರುಗಳ ಪಟ್ಟಿಯನ್ನು, ಅಂದರೆ ಆನಗೋಡು, ಮಾಯಕೊಂಡ, ಹದಡಿ, ಲೋಕಿಕೆರೆ, ಬಾಡ ಹೀಗೆ, ಊರು ಎಂಬ ಅಂಶದ ವಿವರಣೆಯಲ್ಲಿಯೇ ಕೊಟ್ಟು, ಈ ಪಟ್ಟಿಯಿಂದ ಒಂದನ್ನು ಆರಿಸು, ಹೊಂದದಿದ್ದರೆ ಖಾಲಿ ಬಿಡು ಎಂದು ಬರೆಯಿರಿ.

ತಾರೀಖಿನ ಲೆಕ್ಕ ಮಾದರಿಗೆ ಬೇಡ

ಭಾಷಾ ಮಾದರಿಗೆ ಇವತ್ತಿನ ತಾರೀಖು ತಾನಾಗಿ ತಿಳಿದಿರುವುದಿಲ್ಲ. ಆದ್ದರಿಂದ ಅದರಿಂದ ತಾರೀಖನ್ನು ಕೇಳದೆ, ಎಷ್ಟು ದಿನದ ನಂತರ ಎಂಬ ಸಂಖ್ಯೆಯನ್ನಷ್ಟೇ ಪಡೆದು, ಮುಂದಿನ ಡೇಟ್ ಆ್ಯಂಡ್ ಟೈಮ್ ನೋಡ್‌ನಲ್ಲಿ ಆ ಸಂಖ್ಯೆಯನ್ನು ಕೂಡಿಸಿ. ಕೂಡಿಸಬೇಕಾದದ್ದು ವರ್ಕ್‌ಫ್ಲೋ ನಡೆದ ಹೊತ್ತಿಗಲ್ಲ, ಸಂದೇಶ ಕಳಿಸಿದ ಹೊತ್ತಿಗೆ. ಟೆಲಿಗ್ರಾಂ ಅದನ್ನು ಪ್ರತಿ ಸಂದೇಶದ ಜೊತೆಗೇ ಕೊಡುತ್ತದೆ. ಕರೆಂಟೋ ಇಂಟರ್ನೆಟ್ಟೋ ಹೋಗಿ ನಿಮ್ಮ ಯಂತ್ರ ನಿಂತಿದ್ದರೆ ಟೆಲಿಗ್ರಾಂ ಆ ಸಂದೇಶಗಳನ್ನು 24 ಗಂಟೆಗಳವರೆಗೆ ಕಾದಿಟ್ಟುಕೊಂಡು ಮತ್ತೆ ಕಳಿಸುತ್ತದೆ. ನಿನ್ನೆ ರಾತ್ರಿ ಬರೆದ “ನಾಳೆ” ಇವತ್ತು ಬೆಳಗ್ಗೆ ತಲುಪಿದರೂ ಅದರ ಅರ್ಥ ಇವತ್ತೇ ಆಗಿರಬೇಕು.

ದಾರಿ ಕವಲೊಡೆಯುವಲ್ಲಿ

ಈಗ ಇಫ್ ನೋಡ್ ಇಡಿ. ಊರು ಖಾಲಿ ಇಲ್ಲ, ದಿನ ಖಾಲಿ ಇಲ್ಲ, ಕನಿಷ್ಠ ಚೀಲ 0ಗಿಂತ ಹೆಚ್ಚು, ಗರಿಷ್ಠ ಚೀಲ ನೀವು ನಿಗದಿ ಮಾಡಿದ ಮಿತಿಗಿಂತ ಕಡಿಮೆ, ಈ ನಾಲ್ಕೂ ನಿಜವಾದರೆ ಒಂದು ದಾರಿ, ಯಾವುದಾದರೂ ಸುಳ್ಳಾದರೆ ಇನ್ನೊಂದು. ಮಿತಿಯನ್ನು ಚಿಕ್ಕಪ್ಪನವರೇ ಹೇಳಿದರು: ಒಬ್ಬರೇ ರೈತರು ಒಂದೇ ದಿನ 400 ಚೀಲಕ್ಕಿಂತ ಹೆಚ್ಚು ತಂದರೆ ಅವರು ಮೊದಲೇ ಫೋನ್ ಮಾಡಿರುತ್ತಾರೆ. 5060 ಎಂಬ ತಪ್ಪು ಈ ಬಾಗಿಲಲ್ಲಿಯೇ ನಿಲ್ಲುತ್ತದೆ.

ಸುಳ್ಳಾದ ದಾರಿಯ ಕೊನೆಯಲ್ಲಿ ಟೆಲಿಗ್ರಾಂ ನೋಡ್ ಇಟ್ಟು, “ಯಾವ ಊರಿಂದ, ಎಷ್ಟು ಚೀಲ, ಯಾವ ದಿನ ಎಂದು ಇನ್ನೊಮ್ಮೆ ಪೂರ್ತಿ ಬರೆದು ಕಳಿಸಿರಿ” ಎಂಬ ಸಿದ್ಧ ವಾಕ್ಯವನ್ನು ಕಳಿಸಿ; ಅದೇ ಹೊತ್ತಿಗೆ ಮೂಲ ಸಂದೇಶದ ಪ್ರತಿ ಗುಮಾಸ್ತರಿಗೂ ಹೋಗಲಿ. ಟೈಪಿಸಲು ಕಷ್ಟಪಡುವ ಹಿರಿಯರಿಗೆ ಅವರು ಫೋನ್ ಮಾಡುತ್ತಾರೆ.

ನಿಜವಾದ ದಾರಿಯಲ್ಲಿ ಗೂಗಲ್ ಶೀಟ್ಸ್ ನೋಡ್ ಬರುತ್ತದೆ. ಶೀಟಿನ ಕಾಲಂಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು. ಬರೆಯುವ ವಿಧಾನವಾಗಿ ಅಪೆಂಡ್ ಆರ್ ಅಪ್‌ಡೇಟ್ ಆರಿಸಿ, ಚಾಟ್ ಸಂಖ್ಯೆ ಮತ್ತು ತಾರೀಖನ್ನು ಜೋಡಿಸಿದ ಒಂದು ಗುರುತಿನ ಕಾಲಂ ಮೇಲೆ ಹೊಂದಿಸಿ. ಹೀಗೆ ಮಾಡಿದರೆ ಅದೇ ರೈತರು ಅದೇ ದಿನಕ್ಕೆ ಎರಡನೇ ಸಲ ಕಳಿಸಿದಾಗ ಹೊಸ ಸಾಲು ಹುಟ್ಟದೆ ಹಳೆಯದೇ ತಿದ್ದಿಕೊಳ್ಳುತ್ತದೆ. ಚೀಲಗಳನ್ನು ಎರಡು ಬಾರಿ ಎಣಿಸಿದಂತಾಗುವುದಿಲ್ಲ. ಸ್ಥಿತಿ ಎಂಬ ಕಾಲಂನಲ್ಲಿ “ಕಾಯುತ್ತಿದೆ” ಎಂದು ಬರೆದು, ರೈತರಿಗೆ “50 ರಿಂದ 60 ಚೀಲ ಮೆಕ್ಕೆಜೋಳ, ಆನಗೋಡು, ನಾಳೆ. ಸರಿಯಿದ್ದರೆ ಹೌದು ಎಂದು ಕಳಿಸಿರಿ” ಎಂಬ ಉತ್ತರ ಹೋಗಲಿ. ಈ ಉತ್ತರವನ್ನು ಎಐ ಬರೆಯಬೇಕಾಗಿಲ್ಲ. ಸಿದ್ಧ ವಾಕ್ಯದೊಳಗೆ ಅಂಶಗಳನ್ನು ಎಳೆದು ಬಿಟ್ಟರೆ ಸಾಕು.

“ಹೌದು” ಎಂಬ ಉತ್ತರವೂ ಹೊಸ ಸಂದೇಶವಾಗಿಯೇ ಬರುವುದರಿಂದ ಟ್ರಿಗರ್ ಆದ ಕೂಡಲೇ ಒಂದು ಸ್ವಿಚ್ ನೋಡ್ ಬೇಕಾಗುತ್ತದೆ. ಪಠ್ಯ ಹೌದು, ಸರಿ, ಆಯ್ತು ಇವುಗಳಲ್ಲಿ ಒಂದಾಗಿದ್ದರೆ ಎಐ ಕಡೆಗೆ ಹೋಗದೆ ನೇರ ಶೀಟಿಗೆ ಹೋಗಿ, ಆ ಚಾಟ್ ಸಂಖ್ಯೆಯ ಕಾಯುತ್ತಿರುವ ಸಾಲನ್ನು ಹುಡುಕಿ “ಖಚಿತ” ಎಂದು ತಿದ್ದಬೇಕು. ಇದು ಮಾದರಿಯ ಖರ್ಚನ್ನೂ ಉಳಿಸುತ್ತದೆ. ಒಂದೇ ವಿಷಯವನ್ನು ಇಂಗ್ಲಿಷ್‌ನಲ್ಲಿ ಹೇಳುವುದಕ್ಕಿಂತ ಕನ್ನಡದಲ್ಲಿ ಹೇಳಿದಾಗ ಸಾಮಾನ್ಯವಾಗಿ ಹೆಚ್ಚು ಟೋಕನ್‌ಗಳು (ಬಾಟ್‌ನ ಟೋಕನ್ ಅಲ್ಲ, ಮಾದರಿ ಪಠ್ಯವನ್ನು ಒಡೆದು ಓದುವ ತುಣುಕುಗಳು) ಖರ್ಚಾಗುವುದರಿಂದ ಇಂಥ ಉಳಿತಾಯಕ್ಕೆ ಬೆಲೆಯಿದೆ.

ಹಳೆಯ ಸಂದೇಶಗಳಿಂದ ಪರೀಕ್ಷೆ

ಬಳಕೆಗೆ ಬಿಡುವ ಮೊದಲು ಕಳೆದ ಸುಗ್ಗಿಯ ಸಂದೇಶಗಳಲ್ಲಿ ಕನಿಷ್ಠ 30ನ್ನು ಒಂದು ಶೀಟಿಗೆ ಹಾಕಿ, ಪಕ್ಕದ ಕಾಲಂಗಳಲ್ಲಿ ಗುಮಾಸ್ತರ ಓದನ್ನು ಬರೆಸಿ. ಸುಲಭವಾದವನ್ನೇ ಆರಿಸಬೇಡಿ, ಕಾಗುಣಿತ ತಪ್ಪಿದವು, ಇಂಗ್ಲಿಷ್ ಅಕ್ಷರದವು, ಕನ್ನಡ ಅಂಕಿಯವು, ಮಾಲಿನ ಬದಲು ಧಾರಣೆ ಕೇಳಿದವು ಎಲ್ಲವೂ ಇರಲಿ. ವರ್ಕ್‌ಫ್ಲೋ ಕೊಟ್ಟ ಉತ್ತರವನ್ನು ಸಾಲು ಸಾಲಾಗಿ ಹೋಲಿಸಿ, ತಪ್ಪಿದಲ್ಲಿ ಸೂಚನೆಯನ್ನು ತಿದ್ದಿ, ಮತ್ತೆ 30ನ್ನೂ ಓಡಿಸಿ. ಒಂದನ್ನು ಸರಿಪಡಿಸುವ ಸೂಚನೆ ಇನ್ನೊಂದನ್ನು ಕೆಡಿಸುವುದುಂಟು, ಆದ್ದರಿಂದ ತಪ್ಪಿದವನ್ನಷ್ಟೇ ಪರೀಕ್ಷಿಸಿದರೆ ಸಾಲದು. ಮುಂದೆ ಮಾದರಿಯನ್ನು ಬದಲಿಸಿದಾಗಲೂ ಇದೇ ಶೀಟ್ ಕೆಲಸಕ್ಕೆ ಬರುತ್ತದೆ.

ಪರೀಕ್ಷೆಗೆ ಹಾಕುವಾಗ ಫೋನ್ ನಂಬರು, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ, ಆಧಾರ್ ಸಂಖ್ಯೆ ಇವನ್ನು ತೆಗೆದುಹಾಕಿ. ಹಣ ಜಮಾ ಮಾಡಲೆಂದು ರೈತರು ನಂಬಿಕೆಯಿಂದ ಇವನ್ನು ಕಳಿಸಿರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇಂಥ ಮಾಹಿತಿಯನ್ನು ಕೊಟ್ಟ ಉದ್ದೇಶಕ್ಕಷ್ಟೇ ಬಳಸಬೇಕೆಂಬ ನೆಲೆಯ ಮೇಲೆ ನಿಂತಿದೆ. ಚಿತ್ರಗಳು ಬಂದರೆ ಅವು ಮಾದರಿಯ ಕಡೆಗೆ ಹೋಗದೆ ನೇರ ಗುಮಾಸ್ತರಿಗೆ ಹೋಗುವಂತೆ ಸ್ವಿಚ್ ನೋಡ್‌ನಲ್ಲಿ ಇನ್ನೊಂದು ದಾರಿ ಮಾಡಿ. ಧ್ವನಿ ಸಂದೇಶಗಳಿಗೂ ಸದ್ಯಕ್ಕೆ ಅದೇ ದಾರಿ ಇರಲಿ. ಮುಂದೆ ಬೇಕಾದರೆ ಕನ್ನಡ ಬಲ್ಲ ಧ್ವನಿ ಗುರುತಿಸುವ ಸೇವೆಯೊಂದನ್ನು ಹೊರಗಿನ ಸೇವೆಗಳನ್ನು ಕರೆಯುವ ಎಚ್‌ಟಿಟಿಪಿ ರಿಕ್ವೆಸ್ಟ್ ನೋಡ್ ಮೂಲಕ ಸೇರಿಸಬಹುದು, ಆದರೆ ಅಕ್ಷರದ ಸಂದೇಶಗಳು ಒಂದು ಸುಗ್ಗಿಯಾದರೂ ಸರಿಯಾಗಿ ನಡೆದ ಮೇಲೆ.

ರಾತ್ರಿಯ ಪಟ್ಟಿ

ಎರಡನೆಯ ವರ್ಕ್‌ಫ್ಲೋ ಚಿಕ್ಕದು. ಶೆಡ್ಯೂಲ್ ಟ್ರಿಗರ್ ಅನ್ನು ರಾತ್ರಿ 8 ಗಂಟೆಗೆ ಇಡಿ. ಇದರ ಟೈಮ್‌ಜೋನ್ ಅನ್ನೂ ಬೇರೆಯಾಗಿ ನೋಡಿಕೊಳ್ಳಿ. ಗೂಗಲ್ ಶೀಟ್ಸ್ ನೋಡ್ ಮರುದಿನದ ಸಾಲುಗಳನ್ನು ತರುತ್ತದೆ, ಸಮ್ಮರೈಸ್ ನೋಡ್ ಗರಿಷ್ಠ ಚೀಲಗಳನ್ನು ಕೂಡುತ್ತದೆ, ಟೆಲಿಗ್ರಾಂ ನೋಡ್ ಒಟ್ಟನ್ನು ಮೇಸ್ತ್ರಿಗೆ ಕಳಿಸುತ್ತದೆ. ಖಚಿತವಾದವು ಮತ್ತು ಕಾಯುತ್ತಿರುವವು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ಎಷ್ಟು ಹಮಾಲರನ್ನು ಕರೆಯಬೇಕೆಂಬುದನ್ನು ಮೇಸ್ತ್ರಿ ತಮ್ಮ ಅನುಭವದಿಂದ ನಿರ್ಧರಿಸುತ್ತಾರೆ.

ನಿಂತಾಗ ತಿಳಿಯಬೇಕು

ಮಾದರಿಯ ಸೇವೆ ಕೆಲವೊಮ್ಮೆ ಉತ್ತರ ಕೊಡುವುದಿಲ್ಲ. ಓದುವ ನೋಡ್‌ನ ಸೆಟ್ಟಿಂಗ್ಸ್‌ನಲ್ಲಿ ರೀಟ್ರೈ ಆನ್ ಫೇಲ್ ಆರಿಸಿ. ಅದರ ಮೇಲೂ ಸೋತರೆ ತಿಳಿಸಲು ಎರರ್ ಟ್ರಿಗರ್‌ನಿಂದ ಆರಂಭವಾಗುವ ಮೂರನೆಯ ವರ್ಕ್‌ಫ್ಲೋ ಮಾಡಿ, ಮೊದಲೆರಡರ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಎರರ್ ವರ್ಕ್‌ಫ್ಲೋ ಎಂದು ಸೂಚಿಸಿ; ಆಗ ಎಲ್ಲಿ ಮುರಿಯಿತು ಎಂಬ ಸಂದೇಶ ನಿಮ್ಮ ಫೋನಿಗೆ ಬರುತ್ತದೆ. ಎಕ್ಸಿಕ್ಯೂಶನ್ಸ್ ಪುಟದಲ್ಲಿ ಪ್ರತಿ ಓಟದ ದಾಖಲೆ ಇರುತ್ತದೆ. ಯಾವ ಚೌಕದೊಳಗೆ ಏನು ಹೋಯಿತು, ಏನು ಹೊರಬಂತು ಎಂಬುದನ್ನು ಅಲ್ಲಿಯೇ ತೆರೆದು ನೋಡಬಹುದು.

ಎಲ್ಲವೂ ಸರಿಯಾದ ಮೇಲೆ ವಾಟ್ಸಾಪ್‌ಗೆ ಹೋಗುವುದಾದರೆ ಟ್ರಿಗರ್ ಮತ್ತು ಉತ್ತರ ಕಳಿಸುವ ನೋಡ್‌ಗಳನ್ನು ಬದಲಿಸಿ, ಪಠ್ಯ, ಗುರುತಿನ ಸಂಖ್ಯೆ, ಕಳಿಸಿದ ಹೊತ್ತು ಈ ಮೂರನ್ನು ಹೊಸದಾಗಿ ಎಳೆದು ಕೂರಿಸಿ. ನಡುವಿನ ಚೌಕಗಳು ಹಾಗೆಯೇ ಉಳಿಯುತ್ತವೆ. ಅಲ್ಲಿ ಒಂದು ನಿಯಮ ನೆನಪಿರಲಿ: ರೈತರು ಕೊನೆಯ ಸಂದೇಶ ಕಳಿಸಿದ 24 ಗಂಟೆಗಳೊಳಗೆ ಮಾತ್ರ ನಮ್ಮಿಷ್ಟದ ವಾಕ್ಯದಲ್ಲಿ ಉತ್ತರಿಸಬಹುದು, ಆಮೇಲೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಸಂದೇಶವೇ ಬೇಕು. ರೈತರ ಸಂದೇಶಕ್ಕೆ ಆಗಲೇ ಉತ್ತರ ಹೋಗುವುದರಿಂದ ಅದಕ್ಕೆ ತೊಂದರೆಯಿಲ್ಲ. ಮೇಸ್ತ್ರಿ ಮಾತ್ರ ನಮಗೆ ಸಂದೇಶ ಕಳಿಸುವವರೇ ಅಲ್ಲ, ಆದ್ದರಿಂದ ರಾತ್ರಿ 8ರ ಪಟ್ಟಿಗೆ ಟೆಂಪ್ಲೇಟ್ ಒಂದನ್ನು ಸುಗ್ಗಿಗೆ ಮೊದಲೇ ಸಲ್ಲಿಸಿ ಒಪ್ಪಿಗೆ ಪಡೆದಿಟ್ಟುಕೊಳ್ಳಿ.